ತಗ್ಗಿಸಿದ ಪಿಕಪ್: ಮುಂದಿನ ಟಯರ್ ಒಳಗಡೆ ಸವೀತಿದೆ, ಪೂರ್ತಿ ತಿರುಗಿಸಿದರೆ ಉಜ್ಜುತ್ತೆ

ನೆಲಮುಟ್ಟು

ಗಾಡಿ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸಲಾಕೆ) ಇರುವ ಪಿಕಪ್. ಚಕ್ರವನ್ನು ಛಾಸಿಗೆ ಜೋಡಿಸುವ ಎರಡು ತೋಳುಗಳಲ್ಲಿ ಬಾರ್ ಮೇಲಿನ ಆರ್ಮ್‌ಗೆ ಕೂತಿದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ, ತಲೆ ಒಳಗಿದ್ದರೆ ಋಣ), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಗೆರೆಯ ಓರೆ) ಹೊಂದಿಸಲು ಕೆಳಗಿನ ಆರ್ಮ್‌ನಲ್ಲಿ ಮುಂದೊಂದು, ಹಿಂದೊಂದು ಕ್ಯಾಮ್ ಬೋಲ್ಟು, ತಿರುಗಿಸಿದರೆ ಆರ್ಮ್ ಒಳಗೆ ಹೊರಗೆ ಸರಿಯುವಂಥದ್ದು. ಬಾರ್ ಸಡಿಲಿಸಿ ಮುಂದೆ 75 ಮಿ.ಮೀ. ಇಳಿಸಿದೆ, ಹಿಂದೆ 50. ವೀಲ್‌ಬೇಸ್ 3100.

ಮೂಲ ಡಿಸ್ಕ್ 7ಜೆ (7 ಇಂಚು ಅಗಲ), 16 ಇಂಚು, ಆಫ್‌ಸೆಟ್ (ಡಿಸ್ಕ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕಿರುವ ದೂರ, ಮಿ.ಮೀ.ನಲ್ಲಿ) +30, ಟಯರ್ 245/70 ಆರ್16. ಈಗ ಇರುವುದು 9ಜೆ, 20 ಇಂಚು, ಆಫ್‌ಸೆಟ್ +15, ಟಯರ್ 265/50 ಆರ್20.

ಅಲೈನ್‌ಮೆಂಟ್ ಶೀಟ್‌ನಲ್ಲಿ ಬಂದದ್ದು: ಕ್ಯಾಂಬರ್ ಎಡ −2.1 ಡಿಗ್ರಿ, ಬಲ −1.8. ಕ್ಯಾಸ್ಟರ್ ಎಡ 1.6, ಬಲ 1.9. ಒಟ್ಟು ಟೋ (ಎರಡು ಚಕ್ರಗಳ ನಡುವಿನ ದೂರ ಮುಂದೂ ಹಿಂದೂ ಅಳೆದಾಗ ಬರುವ ವ್ಯತ್ಯಾಸ) 6 ಮಿ.ಮೀ. ಹೊರಕ್ಕೆ, ಟಯರ್ ಅಂಚಿನಲ್ಲಿ ಅಳೆದದ್ದು.

ತೊಂದರೆ ಮೂರು. ಎರಡೂ ಟಯರಿನ ಒಳಅಂಚು ಬೋಳಾಗ್ತಿದೆ. ಎಡಕ್ಕೆ ಪೂರ್ತಿ ತಿರುಗಿಸಿದರೆ ಎಡ ಟಯರ್ ಮಡ್‌ಗಾರ್ಡ್‌ನ ಹಿಂಭಾಗದಲ್ಲಿ, ಕ್ಯಾಬಿನ್ ಕಡೆ ಉಜ್ಜುತ್ತೆ. ಬಲಕ್ಕೆ ತಿರುಗಿಸಿದರೆ ಬಲ ಟಯರೂ ಹಾಗೇ. ಹಂಪ್ ಇಳಿಯುವಾಗ ಮಡ್‌ಗಾರ್ಡ್‌ನ ಮೇಲಿನ ಅಂಚಿಗೂ ತಾಗುತ್ತೆ. ಮೊದಲು ಯಾವುದನ್ನು ಹಿಡಿಯಬೇಕು? ಲೈನರ್ (ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಕತ್ತರಿಸಿಬಿಡು ಅಂತ ಕೆಲವರ ಸಲಹೆ.

ಮಿಲಿಮೀಟರ್

ಕತ್ತರಿ ಕೆಳಗಿಡಿ ಸರ್. ನೀವು ಹೇಳಿದ ಮೂರಕ್ಕೂ ಬೇರು ಒಂದೇ ಕಡೆ ಇದೆ: ಎತ್ತರ ಮತ್ತು ಡಿಸ್ಕ್. ಅದನ್ನು ಬಿಟ್ಟು ಲೈನರ್ ಕತ್ತರಿಸಿದರೆ ಸದ್ದು ಹೋಗುತ್ತೆ, ಟಯರ್ ಉಳಿಯಲ್ಲ.

ಶೀಟ್ ಓದೋಣ. ಒಳಅಂಚು ತಿನ್ನುತ್ತಿರುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ಟೋ. ಒಟ್ಟು 6 ಅಂದರೆ ಒಂದೊಂದು ಚಕ್ರಕ್ಕೆ 3 ಮಿ.ಮೀ. ನಿಮ್ಮ ಟಯರಿನ ವ್ಯಾಸ 773. ಹಾಗಾಗಿ ಪ್ರತಿ ಕಿಲೋಮೀಟರ್‌ಗೆ ಒಂದೊಂದು ಟಯರ್ ಹತ್ತಿರ ಹತ್ತಿರ 4 ಮೀಟರ್ ಅಡ್ಡಕ್ಕೆ ಎಳೆದುಕೊಂಡು ಹೋದ ಲೆಕ್ಕ. ಕ್ಯಾಂಬರ್ −2 ಇರುವುದರಿಂದ ಆ ಉಜ್ಜಾಟವೆಲ್ಲ ಒಳಅಂಚಿನ ಮೇಲೇ ಬೀಳುತ್ತೆ. −2 ಕ್ಯಾಂಬರ್ ಜೊತೆ ಟೋ ಸರಿಯಿದ್ದಿದ್ದರೆ ಸವೆತ ಇಷ್ಟು ಬೇಗ ಕಾಣ್ತಿರಲಿಲ್ಲ.

ಕ್ಯಾಂಬರ್ ಯಾಕೆ ಹೀಗಾಯ್ತು? ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ. ಚಕ್ರ ಮೇಲೆದ್ದಂತೆ ಮೇಲಿನ ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯ ಗುಂಡು ಕೀಲು) ಬೇಗ ಒಳಗೆ ಸರಿಯುತ್ತೆ. ಬಾರ್ ಸಡಿಲಿಸಿ ಇಳಿಸಿದಾಗ ಗಾಡಿ ನಿಂತಲ್ಲೇ ಚಕ್ರ 75 ಮಿ.ಮೀ. ಮೇಲೆದ್ದ ಸ್ಥಿತಿಯಲ್ಲಿದೆ.

ಕ್ಯಾಸ್ಟರ್ ಕಡಿಮೆಯಾಗಿರುವುದರಲ್ಲಿ ಸ್ವಲ್ಪ ಪಾಲು ಮೂತಿ ಬಗ್ಗಿದ್ದರದ್ದು. ಹಿಂದಿಗಿಂತ ಮುಂದೆ 25 ಮಿ.ಮೀ. ಹೆಚ್ಚು ಇಳಿದಿದೆ, 3100ರ ವೀಲ್‌ಬೇಸ್‌ಗೆ ಅದು ಸುಮಾರು ಅರ್ಧ ಡಿಗ್ರಿ. ಗಾಡಿಯ ಮೂತಿ ಎಷ್ಟು ಡಿಗ್ರಿ ಬಗ್ಗುತ್ತೋ ಕ್ಯಾಸ್ಟರ್ ಅಷ್ಟೇ ಡಿಗ್ರಿ ಹೋಗುತ್ತೆ.

ಎರಡು ಅಳತೆ ಬೇಕು. ಮಡ್‌ಗಾರ್ಡ್‌ನಿಂದ ನೆಲಕ್ಕೆ ಅಳೆಯಬೇಡಿ, ಬಾಡಿಯ ಎರಡು ಬದಿ ಒಂದೇ ಸಮ ಇರಲ್ಲ. ಕೆಳಗಿನ ಆರ್ಮ್‌ನ ಒಳಗಿನ ಬೋಲ್ಟಿನ ಮಧ್ಯದಿಂದ ನೆಲಕ್ಕೆ, ಕೆಳಗಿನ ಬಾಲ್ ಜಾಯಿಂಟ್‌ನಿಂದ ನೆಲಕ್ಕೆ, ಎರಡೂ ತೆಗೆದು ವ್ಯತ್ಯಾಸ ಹೇಳಿ, ಎರಡೂ ಬದಿಯದು. ಆಮೇಲೆ ಬಂಪ್ ಸ್ಟಾಪ್‌ಗೂ (ಚಕ್ರ ತೀರ ಮೇಲೇಳದಂತೆ ತಡೆಯುವ ರಬ್ಬರ್ ತುಂಡು) ಅದು ತಾಗುವ ಜಾಗಕ್ಕೂ ಇರುವ ಅಂತರ. ಅಳೆಯುವ ಮುಂಚೆ ಗಾಳಿ ಸರಿಮಾಡಿ, ಮುಂಭಾಗ ನಾಲ್ಕೈದು ಸಲ ಅದುಮಿ ಬಿಟ್ಟು, ಗಾಡಿಯನ್ನು ಎರಡು ಮೂರು ಮೀಟರ್ ಹಿಂದೆ ಮುಂದೆ ಉರುಳಿಸಿ. ಜಾಕ್ ಇಳಿಸಿದ ತಕ್ಷಣ ತೆಗೆದ ಅಳತೆ ಸುಳ್ಳು ಹೇಳುತ್ತೆ.

ಬುಷ್‌ಬೇರಿಂಗ್

ಅಳತೆಗೂ ಮೊದಲು ಒಂದು ಮಾತು. ಇಳಿಸಿದ ಮೇಲೆ ಆರ್ಮ್ ಬುಷ್‌ನ (ಆರ್ಮ್ ಛಾಸಿಗೆ ಸೇರುವಲ್ಲಿನ ರಬ್ಬರ್ ಕೀಲು) ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿದ್ದೀರಾ?

ರಬ್ಬರ್ ಬುಷ್‌ನ ಒಳಗಿನ ಉಕ್ಕಿನ ಕೊಳವೆ ಬೋಲ್ಟಿನ ಜೊತೆ ಬಿಗಿಯಾಗಿ ನಿಲ್ಲುತ್ತೆ, ಹೊರಗಿನದು ಆರ್ಮ್ ಜೊತೆ ತಿರುಗುತ್ತೆ, ನಡುವೆ ರಬ್ಬರ್ ತಿರುಚಿಕೊಳ್ಳುತ್ತೆ. ಹಳೇ ಎತ್ತರದಲ್ಲಿ ಬಿಗಿ ಮಾಡಿದ ಬುಷ್ ಹೊಸ ಎತ್ತರದಲ್ಲಿ ಇಪ್ಪತ್ನಾಲ್ಕು ಗಂಟೆಯೂ ತಿರುಚಿಕೊಂಡೇ ಇರುತ್ತೆ. ಒಂದು, ಅದು ಬೇಗ ಹರಿಯುತ್ತೆ. ಎರಡು, ತಾನೇ ಸ್ಪ್ರಿಂಗ್ ಥರ ಒತ್ತುವುದರಿಂದ ಎಡ ಬಲ ಎತ್ತರ ಬೇರೆ ಬೇರೆ ಬರುತ್ತೆ. ಚಕ್ರಗಳು ನೆಲದ ಮೇಲೆ, ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಇರುವಾಗಲೇ ಈ ನಟ್ಟುಗಳನ್ನು ಕೊನೆಯ ಟಾರ್ಕ್‌ಗೆ ಬಿಗಿ ಮಾಡಬೇಕು. ಚಕ್ರ ತೂಗಾಡುತ್ತಿರುವಾಗ ಬಿಗಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಪಾಲಿಯುರಥೇನ್ ಬುಷ್‌ಗೆ ಈ ತಿರುಚಾಟದ ಕಾಟವಿಲ್ಲ, ಆದರೆ ಅದಕ್ಕೆ ಗ್ರೀಸ್ ಬೇಕೇ ಬೇಕು.

ಇನ್ನು ಅಲ್ಲಾಡುವ ಭಾಗಗಳು. ಚಕ್ರ ಎತ್ತಿ 12 ಗಂಟೆ, 6 ಗಂಟೆ ಜಾಗದಲ್ಲಿ ಹಿಡಿದು ಅಲ್ಲಾಡಿಸಿ: ಪ್ಲೇ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಟಾರ್ಶನ್ ಬಾರ್ ಮೇಲಿನ ಆರ್ಮ್‌ನಲ್ಲಿರುವ ನಿಮ್ಮ ಥರದ ಗಾಡಿಯಲ್ಲಿ ಭಾರ ಹೊರುವುದು ಮೇಲಿನ ಬಾಲ್ ಜಾಯಿಂಟ್. ಜಾಕನ್ನು ಛಾಸಿಗೆ ಕೊಟ್ಟು ಚಕ್ರ ಬಿಟ್ಟರೆ ಬಾರ್ ಆ ಜಾಯಿಂಟನ್ನು ಒತ್ತಿ ಹಿಡಿದಿರುತ್ತೆ, ಸವೆತ ಕೈಗೆ ಸಿಗಲ್ಲ. ಮೇಲಿನ ಆರ್ಮ್ ಮತ್ತು ಛಾಸಿ ನಡುವೆ ಗಟ್ಟಿ ಮರದ ತುಂಡು ಸಿಕ್ಕಿಸಿ ಆರ್ಮ್ ಕೆಳಗೆ ಬರದಂತೆ ತಡೆದು ಪರೀಕ್ಷಿಸಿ. ಕೈ ಒಳಗಿಡುವ ಮುಂಚೆ ತುಂಡು ಜಾರದಂತೆ ಕೂತಿದೆಯೇ ನೋಡಿ. 3 ಗಂಟೆ, 9 ಗಂಟೆ ಜಾಗದಲ್ಲಿ ಅಲ್ಲಾಡಿದರೆ ಟೈ ರಾಡ್ (ಸ್ಟಿಯರಿಂಗ್‌ನಿಂದ ಚಕ್ರ ತಿರುಗಿಸುವ ಸಲಾಕೆ) ತುದಿ ಅಥವಾ ಐಡ್ಲರ್ ಆರ್ಮ್ (ಸ್ಟಿಯರಿಂಗ್ ಜೋಡಣೆಯ ಇನ್ನೊಂದು ಬದಿಯನ್ನು ಹೊರುವ ತೋಳು). ಐಡ್ಲರ್ ಆರ್ಮ್ ಹೋಗಿದ್ದರೆ ನೀವು ಇಟ್ಟ ಟೋ ಮುಂದಿನ ತಿರುವಿನವರೆಗೂ ನಿಲ್ಲಲ್ಲ.

ನೆಲಮುಟ್ಟು

ಅಳೆದೆ. ಎಡಗಡೆ ಬಾಲ್ ಜಾಯಿಂಟ್ ಒಳಗಿನ ಬೋಲ್ಟಿಗಿಂತ 31 ಮಿ.ಮೀ. ಮೇಲಿದೆ, ಬಲಗಡೆ 24. ಬಂಪ್ ಸ್ಟಾಪ್ ಅಂತರ ಎಡ 8, ಬಲ 13. ಬುಷ್ ಬೋಲ್ಟು ಮುಟ್ಟಿರಲಿಲ್ಲ. ಜಾಯಿಂಟ್, ಐಡ್ಲರ್ ಎಲ್ಲ ಗಟ್ಟಿಯಾಗಿವೆ.

ಮಿಲಿಮೀಟರ್

8 ಮಿ.ಮೀ. ಅಂದರೆ ಗಾಡಿ ಸ್ಪ್ರಿಂಗ್ ಮೇಲೆ ಅಲ್ಲ, ಬಂಪ್ ಸ್ಟಾಪ್ ಮೇಲೆ ಓಡ್ತಿದೆ. ಬಾರ್ ಸಡಿಲಿಸಿದರೆ ಸ್ಪ್ರಿಂಗ್ ಮೆತ್ತಗಾಗುತ್ತೆ ಅನ್ನುವುದು ತಪ್ಪು ತಿಳಿವಳಿಕೆ. ಬಾರ್‌ನ ಬಿಗುವು ಅದರ ದಪ್ಪ, ಉದ್ದದ ಮೇಲಿದೆ. ಸ್ಕ್ರೂ ತಿರುಗಿಸಿದಾಗ ಬದಲಾಗುವುದು ಗಾಡಿ ನಿಲ್ಲುವ ಎತ್ತರ ಮಾತ್ರ. ಇಳಿಸಿದಷ್ಟೂ ಮೇಲ್ಮುಖ ಓಡಾಟ ಕಳೆದುಹೋಗುತ್ತೆ.

ಬಂಪ್ ಸ್ಟಾಪ್‌ನ್ನೇ ಕಿತ್ತು ಬಿಸಾಡುವುದು ಎಲ್ಲರಿಗೂ ಹೊಳೆಯುವ ಉಪಾಯ, ಅತಿ ಕೆಟ್ಟದ್ದೂ ಅದೇ. ಅದನ್ನು ತೆಗೆದರೆ ಚಕ್ರ ಇನ್ನೂ ಮೇಲೇಳುತ್ತೆ, ಮಡ್‌ಗಾರ್ಡ್ ಅಂಚಿಗೆ ಜೋರಾಗಿ ತಾಗುತ್ತೆ, ಶಾಕ್ ಅಬ್ಸಾರ್ಬರ್ ತಳ ಹೊಡೆದು ಒಳಗಿನ ವಾಲ್ವ್ ಒಡೆಯುತ್ತೆ. ಗಿಡ್ಡ ಬಂಪ್ ಸ್ಟಾಪ್ ಹಾಕಿ, ಪಿಕಪ್‌ಗೆ ನಿಂತ ಎತ್ತರದಲ್ಲಿ ಕಡಿಮೆಯೆಂದರೂ 30 ಮಿ.ಮೀ. ಅಂತರ ಇಡಿ. ಶಾಕ್ ಕೂಡ ತಗ್ಗಿಸಿದ ಗಾಡಿಗೆಂದೇ ಬರುವ ಗಿಡ್ಡದ್ದು ಬೇಕು.

ನನ್ನ ಸಲಹೆ: ಬಾರ್‌ನಿಂದ 20 ರಿಂದ 25 ಮಿ.ಮೀ. ವಾಪಸ್ ಎತ್ತಿ. ಆಗ ಮುಂದೆ ಹಿಂದೆ ಎರಡೂ ಕಡೆ ಇಳಿಕೆ 50ರ ಹತ್ತಿರ ಬರುತ್ತೆ, ಕ್ಯಾಸ್ಟರ್‌ನ ಅರ್ಧ ಡಿಗ್ರಿಯೂ ವಾಪಸ್. ಸ್ಕ್ರೂ ತಿರುಗಿಸುವ ಮುಂಚೆ ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಟ್ಟು ಬಾರ್ ಮೇಲಿನ ಭಾರ ತೆಗೆಯಿರಿ, ದಾರಕ್ಕೆ ಗ್ರೀಸ್ ಹಚ್ಚಿ. ಭಾರ ಇರುವಾಗಲೇ ತಿರುಗಿಸಿದರೆ ಸ್ಕ್ರೂವಿನ ದಾರ ಕಿತ್ತುಬರುತ್ತೆ. ಎರಡೂ ಬದಿ ಒಂದೇ ಸುತ್ತು ತಿರುಗಿಸಿದರೆ ಎತ್ತರ ಸಮ ಬರುತ್ತೆ ಅಂದುಕೊಳ್ಳಬೇಡಿ. ಆರ್ಮ್ ಅಳತೆ ಸಮ ಬರುವವರೆಗೆ ಬೇಕಾದಷ್ಟು ತಿರುಗಿಸಿ, ಪ್ರತಿ ಸಲ ಇಳಿಸಿ, ಉರುಳಿಸಿ, ಅಳೆಯಿರಿ. ಎಡ ಬಲ 3 ಮಿ.ಮೀ. ಒಳಗಿದ್ದರೆ ಸಾಕು.

ರಿಮ್‌ಲೆಕ್ಕ

ಉಜ್ಜುವುದರ ಲೆಕ್ಕ ನಾನು ಹಾಕ್ತೀನಿ. ಕಾಗದದ ಮೇಲೇ ಎಲ್ಲ ಗೊತ್ತಾಗುತ್ತೆ.

ಡಿಸ್ಕ್‌ನ ಹೊರಅಂಚು ಹಬ್‌ನಿಂದ ಎಷ್ಟು ಹೊರಗಿದೆ ಅಂದರೆ ಅಗಲದ ಅರ್ಧದಿಂದ ಆಫ್‌ಸೆಟ್ ಕಳೆದಷ್ಟು. ಒಳಅಂಚಿಗೆ ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಬೇಕು. ಮೂಲ 7ಜೆ +30: ಅರ್ಧ 88.9, ಹೊರಗೆ 58.9, ಒಳಗೆ 118.9. ಈಗಿನ 9ಜೆ +15: ಅರ್ಧ 114.3, ಹೊರಗೆ 99.3, ಒಳಗೆ 129.3. ಅಂದರೆ ಹೊರಅಂಚು 40 ಮಿ.ಮೀ. ಹೊರಗೆ ಬಂದಿದೆ, ಒಳಅಂಚು 10 ಮಿ.ಮೀ. ಒಳಗೆ ಹೋಗಿದೆ.

ಟಯರ್ ವ್ಯಾಸ: 245/70 ಆರ್16 ಅಂದರೆ ಡಿಸ್ಕ್‌ನ 16 ಇಂಚು 406.4 ಕೂಡಿಸು 245ರ 70 ಶೇಕಡಾದ ಎರಡು ಪಟ್ಟು 343, ಸುಮಾರು 749. 265/50 ಆರ್20 ಅಂದರೆ 508 ಕೂಡಿಸು 265, ಅಲ್ಲಿಗೆ 773. ಗಾಡಿ ಇಳಿಸಿ, ಟಯರ್ ಹಿಗ್ಗಿಸಿದ್ದೀರಿ. ತ್ರಿಜ್ಯ 12 ಮಿ.ಮೀ. ಹೆಚ್ಚಾಗಿದೆ. ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ 3 ಶೇಕಡಾ ಕಡಿಮೆ ತೋರಿಸುತ್ತೆ.

ಎಡಕ್ಕೆ ತಿರುಗಿಸಿದಾಗ ಎಡ ಟಯರೇ ಹಿಂದೆ ಉಜ್ಜುವುದು ಯಾಕೆ? ಚಕ್ರ ತಿರುಗುವುದು ಎರಡು ಬಾಲ್ ಜಾಯಿಂಟ್ ಹಾದುಹೋಗುವ ಗೆರೆಯ ಸುತ್ತ. ತಿರುವಿನ ಒಳಗಡೆಯ ಚಕ್ರದ ಹೊರಭುಜ ಹಿಂದಕ್ಕೆ ಬೀಸುತ್ತೆ, ಹೊರಗಡೆಯ ಚಕ್ರದ ಹೊರಭುಜ ಮುಂದಕ್ಕೆ, ಬಂಪರ್ ಕಡೆ ಬೀಸುತ್ತೆ. ಚಕ್ರ ಹೊರಗೆ ಬಂದಷ್ಟೂ ಬೀಸು ದೊಡ್ಡದು. 35 ಡಿಗ್ರಿ ತಿರುವಿಗೆ 40 ಮಿ.ಮೀ. ಹೊರಗೆ ಬಂದ ಭುಜ 23 ಮಿ.ಮೀ. ಹೆಚ್ಚು ಹಿಂದೆ ಹೋಗುತ್ತೆ. ಹಿಗ್ಗಿದ ತ್ರಿಜ್ಯದಿಂದ ಇನ್ನೊಂದು 10. ಒಟ್ಟು 33 ಮಿ.ಮೀ. ಕ್ಯಾಬಿನ್ ಕಡೆಗೆ. ಅಷ್ಟು ಜಾಗ ಅಲ್ಲಿ ಇಲ್ಲ.

ಡಿಸ್ಕ್ ಇಟ್ಟುಕೊಂಡೇ ಟಯರ್ ಬದಲಿಸುವುದಾದರೆ 265/45 ಆರ್20. ವ್ಯಾಸ 746.5, ಮೂಲಕ್ಕೆ 3 ಮಿ.ಮೀ. ಒಳಗೆ. ಮೇಲೂ ಹಿಂದೂ 13 ಮಿ.ಮೀ. ಜಾಗ ಸಿಗುತ್ತೆ. ಲೋಡ್ ಇಂಡೆಕ್ಸ್ ಮಾತ್ರ ನೋಡಿ ತೆಗೆದುಕೊಳ್ಳಿ, ಮೂಲ ಟಯರಿನದಕ್ಕಿಂತ ಕಡಿಮೆ ಇರಕೂಡದು. 107 ಅಂದರೆ ಒಂದು ಟಯರಿಗೆ 975 ಕೆ.ಜಿ., 104 ಅಂದರೆ 900. ಪಿಕಪ್‌ನಲ್ಲಿ ಸರಕು ಹೇರಿದಾಗ ಈ 75 ಕೆ.ಜಿ. ಲೆಕ್ಕಕ್ಕೆ ಬರುತ್ತೆ. ಈ ಅಳತೆ 104ರಲ್ಲೂ 108ರಲ್ಲೂ ಸಿಗುತ್ತೆ. ನಿಮಗೆ ಬೇಕಾದ್ದು 108.

ಡಿಸ್ಕ್ ಬದಲಿಸುವುದಾದರೆ 8.5ಜೆ +25. ಹೊರಅಂಚು 83ಕ್ಕೆ ಇಳಿಯುತ್ತೆ, ಈಗಿನದಕ್ಕಿಂತ 16 ಮಿ.ಮೀ. ಒಳಗೆ. ಒಳಅಂಚು 133, ಈಗಿನದಕ್ಕಿಂತ 4 ಮಿ.ಮೀ. ಇನ್ನೂ ಒಳಗೆ, ಅದಕ್ಕೆ ಮೇಲಿನ ಆರ್ಮ್, ಬ್ರೇಕ್ ಹೋಸ್, ಆಂಟಿ-ರೋಲ್ ಬಾರ್ ಹತ್ತಿರ ಎಷ್ಟು ಜಾಗ ಇದೆ ಅಂತ ಮೊದಲೇ ಅಳೆದುಕೊಳ್ಳಿ.

ಸ್ಟಾನ್ಸ್‌ಪ್ರಿಯ

ಮಡ್‌ಗಾರ್ಡ್ ಅಂಚಿಗೆ ತಾಗುವುದಾದರೆ ಕ್ಯಾಂಬರ್ −2 ಇರಲಿ ಬಿಡಿ, ಟೋ ಒಂದನ್ನು ಸರಿಮಾಡಿ. ಕ್ಯಾಂಬರ್ ನೆಟ್ಟಗೆ ಮಾಡಿದರೆ ಟಯರ್ ತಲೆ ಹೊರಗೆ ಬಂದು ಇನ್ನೂ ತಾಗುತ್ತೆ.

ರಿಮ್‌ಲೆಕ್ಕ

ನೀವು ಹೇಳುವುದರಲ್ಲಿ ಅರ್ಧ ನಿಜ ಇದೆ, ಅಳತೆ ಹಾಕಿ ನೋಡೋಣ. ಒಂದು ಡಿಗ್ರಿ ಕ್ಯಾಂಬರ್‌ಗೆ ಟಯರ್ ತಲೆ ಸರಿಯುವುದು ಸುಮಾರು 6.5 ಮಿ.ಮೀ. ಹೊರಅಂಚು 40 ಮಿ.ಮೀ. ಹೊರಗಿರುವಾಗ 6.5ರಿಂದ ಏನೂ ಆಗಲ್ಲ. ಅದೂ ಅಲ್ಲದೆ ಇವರ ಗಾಡಿಯಲ್ಲಿ ಕ್ಯಾಮ್ ಇರುವುದು ಕೆಳಗಿನ ಆರ್ಮ್‌ನಲ್ಲಿ. ಕ್ಯಾಂಬರ್ ನೆಟ್ಟಗೆ ಮಾಡುವುದು ಅಂದರೆ ಇಲ್ಲಿ ತಲೆಯನ್ನು ಹೊರಗೆ ತಳ್ಳುವುದಲ್ಲ, ಬುಡವನ್ನು ಒಳಗೆ ಎಳೆಯುವುದು. ತಲೆ ಹೊರಗೆ ಬರುವುದು ತೀರ ಕಡಿಮೆ.

ತಲೆ ಒಳಗೆ ಹೋದರೆ ಶಾಕ್, ಮೇಲಿನ ಆರ್ಮ್ ಕಡೆ ಅಷ್ಟೇ ಜಾಗ ಕಡಿಮೆಯಾಗುತ್ತೆ. ಬ್ರೇಕ್ ಹಾಕಿದಾಗ ನೆಲಕ್ಕೆ ತಾಗುವ ಪಟ್ಟಿ ಕಿರಿದಾಗುತ್ತೆ. ಸರಕು ಹೊರುವ ಗಾಡಿಗೆ ಇದನ್ನು ನಾನು ಒಪ್ಪಲ್ಲ.

ಸ್ಟಾನ್ಸ್‌ಪ್ರಿಯ

ಕೆಳಗಿನ ಕ್ಯಾಮ್ ವಿಷಯ ಒಪ್ಪಿದೆ. ಮೇಲಿನ ಆರ್ಮ್‌ನಲ್ಲಿ ಶಿಮ್ (ಸಂದಿಗೆ ಸೇರಿಸುವ ತೆಳು ತಗಡು) ಇರುವ ಗಾಡಿಗೆ ನನ್ನ ಮಾತು ಅನ್ವಯಿಸುತ್ತೆ, ಅಲ್ಲಿ ತಲೆಯೇ ಸರಿಯುವುದು.

ಮಿಲಿಮೀಟರ್

ಎತ್ತರ ನಿಂತ ಮೇಲೆ ಅಲೈನ್‌ಮೆಂಟ್. ಮೆಷಿನ್‌ಗೆ ಹೋಗುವ ಮುಂಚೆ ಮನೆಯಲ್ಲೇ ಹತ್ತಿರಕ್ಕೆ ತಂದುಕೊಂಡರೆ ಓಡಿಸಿಕೊಂಡು ಹೋಗುವಾಗ ಟಯರ್ ಉಳಿಯುತ್ತೆ, ಅಲ್ಲಿಯವರಿಗೂ ಕ್ಯಾಮ್ ಜಾಮ್ ಆಗಿದೆ ಅನ್ನುವ ನೆಪ ಇರಲ್ಲ.

ಚಕ್ರದ ಕೆಳಗೆ ಎರಡೆರಡು ತಗಡಿನ ತುಂಡು, ನಡುವೆ ಗ್ರೀಸ್. ಇಲ್ಲದಿದ್ದರೆ ಟಯರ್ ನೆಲ ಹಿಡಿದು, ಕ್ಯಾಮ್ ತಿರುಗಿದರೂ ಚಕ್ರ ಸರಿಯಲ್ಲ. ಕ್ಯಾಮ್‌ನ ಈಗಿನ ಸ್ಥಾನಕ್ಕೆ ಬಣ್ಣದಲ್ಲಿ ಗುರುತು ಹಾಕಿ. ಬೋಲ್ಟು ಬುಷ್‌ನ ಕೊಳವೆಗೆ ತುಕ್ಕು ಹಿಡಿದು ಅಂಟಿರುವುದು ತುಂಬ ಸಾಮಾನ್ಯ. ತಲೆ ತಿರುಗಿದಾಗ ರಬ್ಬರೂ ಜೊತೆಗೆ ತಿರುಚಿಕೊಳ್ಳುತ್ತಿದ್ದರೆ ನಿಲ್ಲಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಂಕಿ ಕೊಟ್ಟರೆ ಬುಷ್ ಹೋಯ್ತು.

ಕ್ಯಾಂಬರ್ ಅಳೆಯಲು ರಿಮ್‌ನ ಮೇಲಂಚು ಕೆಳಂಚಿಗೆ ತಾಗುವ ನೇರವಾದ ಪಟ್ಟಿ, ಅದರ ಮೇಲೆ ಡಿಜಿಟಲ್ ಕೋನಮಾಪಕ. ಅದಿಲ್ಲದಿದ್ದರೆ ತೂಗುಗುಂಡು: 400 ಮಿ.ಮೀ. ಎತ್ತರಕ್ಕೆ 7 ಮಿ.ಮೀ. ವ್ಯತ್ಯಾಸ ಬಂದರೆ ಒಂದು ಡಿಗ್ರಿ. ನೆಲ ಸಮ ಇದೆಯೇ ಅಂತ ನೀರಿನ ಕೊಳವೆ ಹಿಡಿದು ನೋಡಿ. ಎಡ ಬಲ ಚಕ್ರದ ನಡುವೆ 1600 ದೂರ ಅಂದುಕೊಂಡರೆ ನೆಲ 14 ಮಿ.ಮೀ. ಏರಿಳಿತ ಇದ್ದಾಗಲೇ ಅರ್ಧ ಡಿಗ್ರಿ ತಪ್ಪು ಬರುತ್ತೆ.

ಕ್ಯಾಸ್ಟರ್‌ಗೆ ಚಕ್ರವನ್ನು 20 ಡಿಗ್ರಿ ಒಂದು ಕಡೆ ತಿರುಗಿಸಿ ಕ್ಯಾಂಬರ್ ಓದಿ, 20 ಡಿಗ್ರಿ ಇನ್ನೊಂದು ಕಡೆ ತಿರುಗಿಸಿ ಓದಿ, ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿ.

ಕ್ಯಾಮ್ ತಿರುಗಿಸುವ ದಿಕ್ಕು: ಎರಡೂ ಕ್ಯಾಮ್ ಒಳಗೆ ಎಳೆದರೆ ಬುಡ ಒಳಗೆ, ಕ್ಯಾಂಬರ್ ಧನ ಕಡೆಗೆ. ಮುಂದಿನದು ಒಳಗೆ, ಹಿಂದಿನದು ಹೊರಗೆ ಹೋದರೆ ಬಾಲ್ ಜಾಯಿಂಟ್ ಮುಂದಕ್ಕೆ, ಕ್ಯಾಸ್ಟರ್ ಹೆಚ್ಚು. ಎರಡು ಬಾಲ್ ಜಾಯಿಂಟ್ ನಡುವಿನ ದೂರ 280 ಮಿ.ಮೀ. ಆಸುಪಾಸು ಇದ್ದರೆ 5 ಮಿ.ಮೀ. ಸರಿದಾಗ ಒಂದು ಡಿಗ್ರಿ. ನಿಮಗೆ ಎರಡೂ ಬೇಕು: ಕ್ಯಾಂಬರ್‌ಗೂ ಕ್ಯಾಸ್ಟರ್‌ಗೂ ಮುಂದಿನ ಕ್ಯಾಮ್ ಒಳಗೇ ಹೋಗಬೇಕು. ಹಾಗಾಗಿ ಮೊದಲು ಕೊನೆ ಮುಟ್ಟುವುದು ಮುಂದಿನ ಕ್ಯಾಮ್. ಅದು ಮುಗಿದರೆ ಗಾಡಿ ಇನ್ನೂ ತೀರ ಕೆಳಗಿದೆ ಎಂದರ್ಥ. ಸ್ವಲ್ಪ ಎತ್ತಿ ಅಥವಾ ಮೇಲಿನ ಬಾಲ್ ಜಾಯಿಂಟನ್ನು ಹೊರಕ್ಕೆ ಸರಿಸುವ ಕ್ಯಾಂಬರ್ ಕಿಟ್ ನೋಡಿ.

ಗುರಿ: ಕ್ಯಾಂಬರ್ −0.5 ರಿಂದ −0.8, ಕ್ಯಾಸ್ಟರ್ 3ರ ಮೇಲೆ, ಎಡ ಬಲ ವ್ಯತ್ಯಾಸ ಎರಡರಲ್ಲೂ ಅರ್ಧ ಡಿಗ್ರಿ ಒಳಗೆ. ಕ್ಯಾಂಬರ್ ಹೆಚ್ಚು ಧನವಿರುವ ಕಡೆಗೆ ಗಾಡಿ ಎಳೆಯುತ್ತೆ, ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತೆ. ಕ್ಯಾಸ್ಟರ್ ಹೆಚ್ಚಿಸಿದ್ದರ ಇನ್ನೊಂದು ಲಾಭ, ಬಾಲ್ ಜಾಯಿಂಟ್ ಮುಂದೆ ಸರಿದಾಗ ಚಕ್ರವೂ ನಾಲ್ಕೈದು ಮಿ.ಮೀ. ಮುಂದೆ ಬರುತ್ತೆ, ಕ್ಯಾಬಿನ್ ಕಡೆ ಅಷ್ಟು ಜಾಗ ಬಿಡುತ್ತೆ. ಮೇಲಿನ ಆರ್ಮ್ ಹಿಂದಕ್ಕೆ ತಳ್ಳಿ ಕ್ಯಾಸ್ಟರ್ ಹೆಚ್ಚಿಸುವ ಗಾಡಿಗಳಲ್ಲಿ ಇದು ತಿರುಗಾಮುರುಗಾ. ಅಲ್ಲಿ ಚಕ್ರ ತುಸು ಹಿಂದಕ್ಕೇ ಹೋಗುತ್ತೆ.

ಟೋ ಕಡೆಯಲ್ಲಿ, ಯಾವಾಗಲೂ. ಕ್ಯಾಂಬರ್ ಸರಿಸಿದಾಗ ಟೋ ತಾನಾಗಿ ಬದಲಾಗುತ್ತೆ: ಬುಡ ಒಳಗೆ ಎಳೆದರೆ, ಟೈ ರಾಡ್ ಆಕ್ಸಲ್ ಹಿಂದಿರುವ ಗಾಡಿಯಲ್ಲಿ ಟೋ ಒಳಕ್ಕೆ, ಮುಂದಿರುವ ಗಾಡಿಯಲ್ಲಿ ಹೊರಕ್ಕೆ. ಚಕ್ರ ಎತ್ತಿ ತಿರುಗಿಸುತ್ತಾ ಟಯರ್ ನಡುವೆ ಮೊಳೆಯಿಂದ ಒಂದು ಗೆರೆ ಗೀಚಿ. ಇಳಿಸಿ, ಉರುಳಿಸಿ, ಹಬ್ ಎತ್ತರದಲ್ಲಿ ಮುಂದೊಮ್ಮೆ ಹಿಂದೊಮ್ಮೆ ಗೆರೆಯಿಂದ ಗೆರೆಗೆ ಟೇಪ್ ಹಿಡಿಯಿರಿ. ಮುಂದೆ 2 ಮಿ.ಮೀ. ಕಡಿಮೆ ಇರಬೇಕು.

ಟೈ ರಾಡ್ ಎಷ್ಟು ತಿರುಗಿಸಬೇಕು ಅನ್ನುವುದರಲ್ಲಿ ತುಂಬ ಜನ ಎಡವುತ್ತಾರೆ. ದಾರದ ಪಿಚ್ 1.5, ಸ್ಟಿಯರಿಂಗ್ ಆರ್ಮ್ 140 ಮಿ.ಮೀ. ಇದ್ದರೆ ಒಂದು ಪೂರ್ತಿ ಸುತ್ತಿಗೆ ಆ ಚಕ್ರದ ಟೋ 8 ಮಿ.ಮೀ. ಬದಲಾಗುತ್ತೆ. ಕಾಲು ಸುತ್ತಿಗೆ 2. ಎಡ ದಾರ, ಬಲ ದಾರ ಎರಡೂ ಇರುವ ಸ್ಲೀವ್ ಆದರೆ ಇದರ ಎರಡು ಪಟ್ಟು. ಎರಡೂ ಬದಿ ಸಮ ತಿರುಗಿಸಿ, ಇಲ್ಲವಾದರೆ ಸ್ಟಿಯರಿಂಗ್ ಚಕ್ರ ಓರೆ ನಿಲ್ಲುತ್ತೆ. ಲಾಕ್ ನಟ್ ಬಿಗಿಯುವಾಗ ರಾಡ್ ತುದಿ ತಿರುಗದಂತೆ ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿಯಿರಿ, ಬಿಗಿದ ಮೇಲೆ ಮತ್ತೆ ಅಳೆಯಿರಿ.

ಡ್ರಾಪ್‌ಸ್ಪಿಂಡಲ್

75 ಮಿ.ಮೀ. ಇಳಿಕೆ ಬೇಕೇ ಬೇಕು ಅನ್ನುವವರಿಗೆ ದಾರಿ ಡ್ರಾಪ್ ಸ್ಪಿಂಡಲ್. ಅದರಲ್ಲಿ ಚಕ್ರ ಕೂರುವ ಅಚ್ಚು ನಕಲ್‌ನಲ್ಲೇ (ಎರಡು ಬಾಲ್ ಜಾಯಿಂಟ್ ನಡುವೆ ಚಕ್ರವನ್ನು ಹೊರುವ ಭಾಗ) ಮೇಲಿರುತ್ತೆ, ಆರ್ಮ್‌ಗಳು ಮೂಲ ಕೋನದಲ್ಲೇ ಉಳಿಯುತ್ತವೆ. ಬಂಪ್ ಸ್ಟಾಪ್ ಅಂತರ, ಕ್ಯಾಂಬರ್, ಟೈ ರಾಡ್ ಕೋನ ಯಾವುದೂ ಕೆಡಲ್ಲ. ಆದರೆ ಕೆಲವು ಸ್ಪಿಂಡಲ್‌ಗಳಲ್ಲಿ ಹಬ್ ಸ್ವಲ್ಪ ಹೊರಗೆ ಬರುತ್ತೆ, ಅದನ್ನೂ ರಿಮ್‌ಲೆಕ್ಕ ಅವರ ಕೂಡು ಕಳೆಗೆ ಸೇರಿಸಿಕೊಳ್ಳಿ. ಕೆಳಗಿನ ಬಾಲ್ ಜಾಯಿಂಟ್, ಟೈ ರಾಡ್ ತುದಿ ರಿಮ್‌ಗೆ ಹತ್ತಿರ ಬರುವುದರಿಂದ ಸಣ್ಣ ಡಿಸ್ಕ್ ಕೂರದೇ ಇರಬಹುದು. ಎರಡು ಐ-ಬೀಮ್ ಇರುವ ಮುಂಭಾಗಕ್ಕೆ ಸ್ಪ್ರಿಂಗ್ ಕಡಿದು ಇಳಿಸಬೇಡಿ, ಬೀಮ್ ಒಂದೇ ತೋಳಿನಂತೆ ತೂಗುವುದರಿಂದ ಕ್ಯಾಂಬರ್ ವಿಪರೀತ ಕೆಡುತ್ತೆ. ಅದಕ್ಕೆ ಡ್ರಾಪ್ ಬೀಮ್ ಬೇರೆಯೇ ಬರುತ್ತೆ. ಕಾಯಿಲ್ ಸ್ಪ್ರಿಂಗನ್ನು ಬೆಂಕಿ ಕೊಟ್ಟು ಕುಗ್ಗಿಸುವ ಕೆಲಸಕ್ಕಂತೂ ಯಾರೂ ಹೋಗಬೇಡಿ, ಉಕ್ಕಿನ ಹದ ಹೋಗಿ ಕುಸಿಯುತ್ತೆ, ಮುರಿಯಲೂಬಹುದು.

ಬುಷ್‌ಬೇರಿಂಗ್

ಬಂಪ್ ಸ್ಟಿಯರ್ ಬಗ್ಗೆ ಯಾರೂ ಹೇಳಲಿಲ್ಲ. ನಿಂತಾಗ ಟೋ ಸರಿ, ಓಡುವಾಗ ಹಂಪ್ ಸಿಕ್ಕಿದ ಕೂಡಲೇ ಸ್ಟಿಯರಿಂಗ್ ತಾನೇ ಹರಿದಾಡುತ್ತೆ ಅಂದರೆ ಅದೇ. ಇಳಿಸಿದಾಗ ಟೈ ರಾಡ್‌ನ ಹೊರತುದಿ ಮೇಲೆದ್ದು ಅದರ ಕೋನ ಆರ್ಮ್‌ಗಳ ಕೋನಕ್ಕೆ ಹೊಂದಲ್ಲ. ಪರೀಕ್ಷೆಗೆ ಬಾರ್‌ನ ಬಿಗುವು ಪೂರ್ತಿ ತೆಗೆದು, ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ನಿಂತ ಎತ್ತರದಿಂದ 40 ಮೇಲೆ 40 ಕೆಳಗೆ, 10 ಮಿ.ಮೀ.ಗೆ ಒಮ್ಮೆ ಟೋ ಬರೆದುಕೊಳ್ಳಿ. 25 ಮಿ.ಮೀ. ಓಡಾಟಕ್ಕೆ ಒಂದು ಚಕ್ರದಲ್ಲಿ 1 ಮಿ.ಮೀ. ಒಳಗೆ ಬದಲಾದರೆ ರಸ್ತೆಗೆ ತೊಂದರೆಯಿಲ್ಲ. ಹೆಚ್ಚಾದರೆ ಟೈ ರಾಡ್‌ನ ಹೊರತುದಿಯನ್ನು ಸ್ಪೇಸರ್‌ನಿಂದ ಕೆಳಗಿಳಿಸುವ ಕಿಟ್. ಸ್ಟಿಯರಿಂಗ್ ಆರ್ಮ್ ಕಾಯಿಸಿ ಬಗ್ಗಿಸುವವರ ಹತ್ತಿರ ಗಾಡಿ ಬಿಡಬೇಡಿ.

ನೆಲಮುಟ್ಟು

ಎರಡೂ ಬದಿ ಎತ್ತಿದೆ. ಆರ್ಮ್ ವ್ಯತ್ಯಾಸ ಎಡ 9, ಬಲ 8. ಗಿಡ್ಡ ಸ್ಟಾಪ್ ಹಾಕಿದ ಮೇಲೆ ಅಂತರ 34. ಬುಷ್ ಬೋಲ್ಟು ಚಕ್ರ ನೆಲದ ಮೇಲಿರುವಾಗ ಬಿಗಿದೆ. 265/45, 108 ಇಂಡೆಕ್ಸ್ ಟಯರ್ ಹಾಕಿದೆ. ಡಿಸ್ಕ್ ಸದ್ಯಕ್ಕೆ ಅದೇ. ಹೊಸ ಶೀಟ್: ಕ್ಯಾಂಬರ್ −0.7, −0.6. ಕ್ಯಾಸ್ಟರ್ 3.1, 3.4. ಟೋ 2 ಮಿ.ಮೀ. ಒಳಕ್ಕೆ. ಹಂಪ್‌ನಲ್ಲಿ ತಾಗುವುದು ನಿಂತಿದೆ. ಪೂರ್ತಿ ತಿರುಗಿಸಿ ರಿವರ್ಸ್ ಹೋಗುವಾಗ ಮಾತ್ರ ಹಿಂದಿನ ಲೈನರ್‌ಗೆ ಸಣ್ಣಗೆ ಸವರುತ್ತೆ.

ರಿಮ್‌ಲೆಕ್ಕ

ಇದು ಲೈನರ್ ಕೆಲಸದಲ್ಲೇ ಮುಗಿಯುತ್ತೆ. ಟಯರಿನ ಭುಜಕ್ಕೆ ಸೀಮೆಸುಣ್ಣ ಬಳಿದು ಎರಡೂ ಕಡೆ ಪೂರ್ತಿ ತಿರುಗಿಸಿ ಹಿಂದೆ ಮುಂದೆ ಓಡಿಸಿ. ಬಿಳಿ ಬಿದ್ದ ಜಾಗವೇ ತಾಗುವ ಜಾಗ. ಮುಂದೆ ಹೋಗುವಾಗ ತಾಗದೆ ರಿವರ್ಸ್‌ನಲ್ಲಿ ಮಾತ್ರ ತಾಗುವುದು ಬುಷ್ ಮಣಿಯುವುದರಿಂದ. ರಿವರ್ಸ್ ಬ್ರೇಕ್ ಹಾಕಿದಾಗ ಚಕ್ರ ತುಸು ಸರಿಯುತ್ತೆ. ಹಾಗಾಗಿ ನಿಂತಾಗ 10 ಮಿ.ಮೀ. ಕಾಣುವಷ್ಟು ಜಾಗ ಇರಲಿ.

ಮೊದಲು ಆ ಜಾಗದ ಕ್ಲಿಪ್ ತೆಗೆದು, ಲೈನರನ್ನು ಹೀಟ್ ಗನ್‌ನಿಂದ ಮೆತ್ತಗೆ ಮಾಡಿ ಒಳಕ್ಕೆ ಒತ್ತಿ, ಒದ್ದೆ ಬಟ್ಟೆಯಿಂದ ತಣಿಸುವವರೆಗೆ ಹಿಡಿದುಕೊಳ್ಳಿ. ಕ್ಲಿಪ್‌ಗೆ ಹೊಸ ತೂತು 10 ಮಿ.ಮೀ. ಹಿಂದೆ. ಲೈನರ್ ಹಿಂದೆ ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ ಅಂಚು ಎದ್ದು ನಿಂತಿರುತ್ತೆ, ಲೈನರ್ ಒಳಗೆ ಹೋಗದಂತೆ ತಡೆಯುವುದು ಹೆಚ್ಚಾಗಿ ಅದೇ. ಅದನ್ನು ಕಡಿಯಬೇಡಿ, ಕ್ಯಾಬಿನ್‌ನ ಬಲವೇ ಆ ವೆಲ್ಡ್‌ನಲ್ಲಿದೆ. ಸುತ್ತಿಗೆಯಿಂದ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಮಡಚಿ. ಬಣ್ಣ ಬಿರುಕು ಬಿಟ್ಟ ಕಡೆ ಉಜ್ಜಿ, ಪ್ರೈಮರ್, ಸೀಮ್ ಸೀಲರ್, ಬಣ್ಣ. ಇಲ್ಲವಾದರೆ ಒಂದು ಮಳೆಗಾಲಕ್ಕೆ ತುಕ್ಕು ಶುರು. ವೈರಿಂಗ್ ಆ ಹಿಂದೆ ಹಾದುಹೋಗಿದ್ದರೆ ಮೊದಲು ಸರಿಸಿ ಕಟ್ಟಿ.

ಇಷ್ಟಾದರೂ ಉಳಿದರೆ ನಕಲ್‌ನಲ್ಲಿರುವ ಸ್ಟಿಯರಿಂಗ್ ಸ್ಟಾಪ್ ಬೋಲ್ಟನ್ನು ಎರಡು ಸುತ್ತು ಹೊರಗೆ ತೆಗೆದು ಲಾಕ್ ನಟ್ ಬಿಗಿಯಿರಿ, ಎರಡೂ ಬದಿ ಸಮ. ಗಾಡಿ ತಿರುಗುವ ಸುತ್ತಳತೆ ಸ್ವಲ್ಪ ದೊಡ್ಡದಾಗುತ್ತೆ, ಅದಕ್ಕೇ ನಾನು ಇದನ್ನು ಕೊನೆಗೆ ಇಟ್ಟಿದ್ದು. ಸ್ಪೇಸರ್ ಹಾಕುವ ಯೋಚನೆ ಬೇಡ, ನಿಮ್ಮ ಚಕ್ರ ಈಗಾಗಲೇ ಹೊರಗಿದೆ.

ಮಿಲಿಮೀಟರ್

ಶೀಟ್ ಚೆನ್ನಾಗಿದೆ. ಕ್ಯಾಸ್ಟರ್‌ನ 0.3 ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ಟಯರಿಗೆ ತಾಗುತ್ತಿಲ್ಲ, ಬಿಗಿಯಾಗಿ ಎಳೆದುಕೊಂಡಿಲ್ಲ ಅಂತ ಕೈಯಿಂದ ಮುಟ್ಟಿ ನೋಡಿ. ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಯಾದರೆ ಸ್ಟಿಯರಿಂಗ್ ಆ್ಯಂಗಲ್ ಸೆನ್ಸರ್ ಸೊನ್ನೆಗೆ ತರಿಸಬೇಕು, ಇಲ್ಲದಿದ್ದರೆ ನೇರ ಓಡುವಾಗಲೂ ದೀಪ ಹತ್ತುತ್ತೆ. ಮೂತಿ ಎತ್ತರ ಬದಲಾಗಿದೆ, ಹೆಡ್‌ಲೈಟ್ ದಿಕ್ಕೂ ಸರಿಮಾಡಿ. 500 ಕಿಲೋಮೀಟರ್ ಆದ ಮೇಲೆ ಕ್ಯಾಮ್ ಬೋಲ್ಟಿಗೆ ಹಾಕಿದ ಬಣ್ಣದ ಗುರುತು ಸರಿದಿದೆಯೇ ನೋಡಿ, ಆರ್ಮ್ ಅಳತೆ ಮತ್ತೆ ತೆಗೆಯಿರಿ. ಟಾರ್ಶನ್ ಬಾರ್ ಹೊಸ ಜಾಗದಲ್ಲಿ ಕೂರುವಾಗ ಎರಡು ಮೂರು ಮಿ.ಮೀ. ಇಳಿಯುವುದುಂಟು. ಹಾಗೆ ಇಳಿದಿದ್ದರೆ ಎತ್ತರ ಸರಿಮಾಡಿ ಟೋ ಒಂದನ್ನು ಮತ್ತೆ ಹಿಡಿಸಿ, ಕ್ಯಾಮ್ ಮುಟ್ಟಬೇಕಾಗಿಲ್ಲ.